ಬಚ್ಚಲ ಬಾಗಿಲಿಗೆ ಒಂದು ಚಿಲಕ

ನನ್ನ ತಮ್ಮನಿಗೆ ಈಗ 43 ವರ್ಷ. ಡೌನ್ ಸಿಂಡ್ರೋಮ್ ಇರುವವನು. ಮೀಸೆ ನರೆತಿದೆ, ನೆತ್ತಿಯ ಮೇಲೆ ಕೂದಲು ತೆಳ್ಳಗಾಗಿದೆ. ಆದರೂ ಎರಡು ವರ್ಷದ ಹಿಂದಿನವರೆಗೆ ಅವನನ್ನು ಒಬ್ಬರೂ ‘ನೀವು’ ಎಂದು ಮಾತಾಡಿಸಿರಲಿಲ್ಲ. ಪೇಪರ್ ಹಾಕುವ ಹುಡುಗನಿಗೂ ಅವನು ‘ಬಾರೋ, ಹೋಗೋ’. ಅವನಿಗಿಂತ ಎಷ್ಟೋ ವರ್ಷ ಚಿಕ್ಕ ಡಾಕ್ಟರಿಗೂ ‘ನಾಲಿಗೆ ತೋರಿಸು ಮರಿ’. ಅದೆಲ್ಲ ಪ್ರೀತಿಯ ಮಾತು ಎಂದೇ ನಾನು ತಿಳಿದಿದ್ದೆ. ಹಾಗೆ ತಿಳಿದದ್ದು ತಪ್ಪು ಎಂದು ಗೊತ್ತಾದದ್ದು ಅವನಿಗೊಂದು ಜಾಗ ಹುಡುಕುತ್ತ ಊರೂರು ತಿರುಗಿದ ಮೇಲೆ.

ಅಮ್ಮ ಇರುವಷ್ಟು ದಿನ ಜಾಗ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಬೆಳಿಗ್ಗೆ ಅಮ್ಮನ ಜೊತೆ ಹೂ ಬಿಡಿಸುತ್ತಿದ್ದ. ಊಟವಾದ ಮೇಲೆ ತೊಳೆದ ತಟ್ಟೆಗಳನ್ನು ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತಿದ್ದ. ಸಂಜೆ ಜಗಲಿಯಲ್ಲಿ ಕೂತು ಸಾಗರದ ಕಡೆ ಹೋಗುವ ಬಸ್ಸುಗಳನ್ನು ಎಣಿಸುತ್ತಿದ್ದ. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ. ಇಂಥ ಮಕ್ಕಳನ್ನು ಹೆತ್ತ ತಾಯಂದಿರು ದೇವರ ಮುಂದೆ ಬೇಡಿಕೊಳ್ಳುವುದು ಒಂದೇ: ಇವನು ಹೋದ ಮಾರನೇ ದಿನ ನನ್ನನ್ನು ಕರೆದುಕೋ ತಂದೆ. ಬೇರೆ ಯಾವ ತಾಯಿಯ ಬಾಯಲ್ಲೂ ಬರಬಾರದ ಮಾತು ಅದು. ಅಮ್ಮನೂ ಹಾಗೇ ಬೇಡಿಕೊಳ್ಳುತ್ತಿದ್ದಳು. ಮೂರು ವರ್ಷದ ಹಿಂದೆ ಆಷಾಢದಲ್ಲಿ ಅವಳೇ ಮೊದಲು ಹೋದಳು. ತಮ್ಮ ಬಟ್ಟೆಯ ಚೀಲ ಹಿಡಿದುಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದ.

ನಾನು ಹೈಸ್ಕೂಲ್ ಟೀಚರ್. ಒಂಬತ್ತಕ್ಕೆ ಹೊರಟರೆ ಮನೆ ಸೇರುವುದು ಐದೂವರೆಗೆ. ಅಷ್ಟು ಹೊತ್ತು ಅವನು ಬೀಗ ಹಾಕಿದ ಮನೆಯಲ್ಲಿ ಒಬ್ಬನೇ ಇರಬೇಕಿತ್ತು. ‘ಹೋಮ್’ ನೋಡಿ ಎಂದು ನೆಂಟರೆಲ್ಲ ಹೇಳಿದರು. ಅವನನ್ನೂ ಕರೆದುಕೊಂಡು ನೋಡಲು ಹೊರಟೆ.

ಮೊದಲು ನೋಡಿದ ಹೋಮಿನ ಹೆಸರು ಹೇಳುವುದಿಲ್ಲ, ಊರನ್ನೂ ಹೇಳುವುದಿಲ್ಲ. ಹೊಸ ಕಟ್ಟಡ, ಹೊಳೆಯುವ ಟೈಲ್ಸು, ಮೂಲೆಗೊಂದು ಸಿಸಿಟಿವಿ, ಆಫೀಸಿನ ಗೋಡೆ ತುಂಬ ಕಟ್ಟು ಹಾಕಿಸಿದ ಸರ್ಟಿಫಿಕೇಟುಗಳು. ಹಾಜರಿ ಪುಸ್ತಕ, ಔಷಧಿ ಪುಸ್ತಕ, ದಾಸ್ತಾನು ಪುಸ್ತಕ ಎಲ್ಲ ಅಚ್ಚುಕಟ್ಟು. ವಾರ್ಡನ್ ಒಳ್ಳೆಯವರೇ, ಮರ್ಯಾದೆಯಿಂದ ಎಲ್ಲ ತೋರಿಸಿದರು. ನನಗೆ ಜೀವ ಬಂದಂತಾಯಿತು. ಇಲ್ಲೇ ಸೇರಿಸೋಣ ಎಂದು ಮನಸ್ಸು ಮಾಡಿ, ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ.

ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಇರಲಿಲ್ಲ. ಪಕ್ಕದ್ದಕ್ಕೂ ಇರಲಿಲ್ಲ. ಆರು ಬಾಗಿಲು ತಳ್ಳಿ ನೋಡಿದೆ. ಆರರಲ್ಲೂ ಚಿಲಕ ಕಿತ್ತ ಜಾಗದಲ್ಲಿ ಮೊಳೆಯ ತೂತು ಮಾತ್ರ ಉಳಿದಿತ್ತು. ಕೇಳಿದ್ದಕ್ಕೆ ವಾರ್ಡನ್, “ಒಳಗೆ ಹಾಕ್ಕೊಂಡ್ಬಿಟ್ರೆ ತೆಗೆಯೋಕೆ ಬರಲ್ಲ ಮೇಡಂ, ಸೇಫ್ಟಿ” ಎಂದರು. ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತರಬೇಕೆಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ.

ಆಮೇಲೆ ಮತ್ತೊಂದು ಸುತ್ತು ಹಾಕಿದೆ. ಮೊದಲು ಕಾಣದ್ದು ಒಂದೊಂದಾಗಿ ಕಾಣತೊಡಗಿತು. ಗಂಡು, ಹೆಣ್ಣು ಎನ್ನದೆ ಎಲ್ಲರ ತಲೆಗೂ ಒಂದೇ ಮಿಷನ್ ಕಟಿಂಗ್. ಒಗೆದ ಬಟ್ಟೆ ಒಂದೇ ರಾಶಿ. ಅಳತೆಗೆ ಸಿಕ್ಕಿದ್ದನ್ನು ಯಾರು ಬೇಕಾದರೂ ಹಾಕಿಕೊಳ್ಳಬೇಕು. ಐವತ್ತು ದಾಟಿದ ಒಬ್ಬರು ಯಾವುದೋ ಶಾಲೆಯ ಮೊಹರಿದ್ದ ಅಂಗಿ ಹಾಕಿಕೊಂಡು ಕೂತಿದ್ದರು. ಅಡುಗೆಯವರು ಬೇಗ ಮನೆಗೆ ಹೋಗಬೇಕೆಂದು ರಾತ್ರಿಯ ಊಟ ಐದೂವರೆಗೆ. ಏಳಕ್ಕೆ ದೀಪ ಆರಿಸುತ್ತಿದ್ದರು. ಮೂವತ್ತು ಜನರಿಗೆ ರಾತ್ರಿ ಒಬ್ಬಳೇ ಆಯಾ. ಹೊಡೆತವಿಲ್ಲ, ಬೈಗುಳವಿಲ್ಲ, ಹೊಟ್ಟೆಗೆ ಕಡಿಮೆ ಇಲ್ಲ. ಆದರೆ ‘ಇದು ನನ್ನದು’ ಎನ್ನಲು ಅಲ್ಲಿದ್ದ ಒಬ್ಬರ ಬಳಿಯೂ ಒಂದು ಟವೆಲ್ ಕೂಡ ಇರಲಿಲ್ಲ. ಅಮ್ಮ ಹಬ್ಬಕ್ಕೆ ತಂದುಕೊಟ್ಟ ನೀಲಿ ಚೌಕಳಿ ಟವೆಲನ್ನು ತಮ್ಮ ಹೆಗಲಿನಿಂದ ಇಳಿಸುವುದೇ ಇಲ್ಲ. ತಿರುಗಿ ಬಸ್ ಹತ್ತಿದೆವು.

ಒಂದು ಸೇವೆ ಚೆನ್ನಾಗಿದೆ ಎನ್ನುವುದಕ್ಕೆ ಅಳತೆಗೋಲು ಯಾವುದು? ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು. ಶಾಲೆಯ ಲೈಬ್ರರಿ, ಇಂಟರ್‌ನೆಟ್ಟು, ಸ್ಪೆಷಲ್ ಸ್ಕೂಲಿನ ಟೀಚರುಗಳು, ನನ್ನಂತೆಯೇ ಅಲೆಯುತ್ತಿದ್ದ ಅಪ್ಪ ಅಮ್ಮಂದಿರು, ಹೀಗೆ ಸಿಕ್ಕಲ್ಲೆಲ್ಲ ಓದಿದೆ, ಕೇಳಿದೆ. ಈ ಪ್ರಶ್ನೆಗೆ ಉತ್ತರ ಹುಡುಕಿದವರು ಬೇರೆ ದೇಶಗಳಲ್ಲೂ ಬಹಳ ನೋವು ಉಂಡಿದ್ದಾರೆ.

ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ವಿಲೋಬ್ರುಕ್ ಎಂಬ ಸರ್ಕಾರಿ ಸಂಸ್ಥೆ ಇತ್ತು. 4,000 ಜನರಿಗೆಂದು ಕಟ್ಟಿದ್ದರಲ್ಲಿ 1965ರ ಹೊತ್ತಿಗೆ 6,000 ಜನರನ್ನು ತುಂಬಿದ್ದರು. ಆ ವರ್ಷ ಸೆನೆಟರ್ ರಾಬರ್ಟ್ ಕೆನಡಿ ಹೋಗಿ ನೋಡಿ, ಹೊರಗೆ ಬಂದು ಅದನ್ನು ಹಾವಿನ ಗುಂಡಿಗೆ ಹೋಲಿಸಿದರು. ಆದರೂ ಏನೂ ಆಗಲಿಲ್ಲ. 1972ರಲ್ಲಿ ಜೆರಾಲ್ಡೊ ರಿವೆರಾ ಎಂಬ ಪತ್ರಕರ್ತ ಟಿವಿ ಕ್ಯಾಮೆರಾ ಹಿಡಿದು ಒಳಗೆ ಹೋದರು. ಬಟ್ಟೆಯಿಲ್ಲದೆ, ಮಲಮೂತ್ರದ ನಡುವೆ ನೆಲದ ಮೇಲೆ ಬಿದ್ದಿದ್ದ ಮಕ್ಕಳನ್ನು ಅಮೆರಿಕ ತನ್ನ ಮನೆಯ ಪರದೆಯ ಮೇಲೆ ನೋಡಿತು. ತಂದೆತಾಯಿಗಳು ಕೋರ್ಟಿಗೆ ಹೋದರು. 1975ರಲ್ಲಿ ಬಂದ ಒಪ್ಪಂದದ ಆದೇಶ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ ಇರಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಬರೆದಿಟ್ಟಿತು. ಒಳಗಿದ್ದವರನ್ನು ಊರಿನ ನಡುವಿನ ಚಿಕ್ಕ ಮನೆಗಳಿಗೆ ಕಳಿಸಬೇಕು ಎಂದಿತು. 1987ರಲ್ಲಿ ಆ ಸಂಸ್ಥೆ ಮುಚ್ಚಿತು. ಇವತ್ತು ನಾವು ‘ಸೇವಾ ಮಾನದಂಡ’ ಎಂದು ಕರೆಯುವುದರ ಹಿಂದೆ ಆ ಹೆತ್ತವರ ಕಣ್ಣೀರಿದೆ.

ಸ್ವೀಡನ್ನಿನ ಬೆಂಗ್ಟ್ ನಿರ್ಯೆ 1969ರಲ್ಲಿ ಬರೆದದ್ದನ್ನು ಓದಿದಾಗ ನನಗೆ ಐದೂವರೆಯ ಆ ಊಟ ನೆನಪಾಯಿತು. ಅವರು ಹೇಳಿದ್ದು ತೀರ ಸರಳ. ಬುದ್ಧಿಯ ಬೆಳವಣಿಗೆ ಕಡಿಮೆ ಇರುವವರಿಗೂ ಊರಿನ ಉಳಿದವರಿಗೆ ಇರುವಂಥದೇ ದಿನ, ಅಂಥದೇ ವಾರ, ಅಂಥದೇ ವರ್ಷ ಇರಬೇಕು. ಎಲ್ಲರೂ ಏಳುವ ಹೊತ್ತಿಗೆ ಏಳಬೇಕು, ಎಲ್ಲರೂ ಉಣ್ಣುವ ಹೊತ್ತಿಗೆ ಉಣ್ಣಬೇಕು. ಇರುವ ಜಾಗ ಬೇರೆ, ಕೆಲಸ ಮಾಡುವ ಜಾಗ ಬೇರೆ ಆಗಿರಬೇಕು. ವರ್ಷ ಎಂದರೆ ನಮ್ಮಲ್ಲಿ ಏನು? ಯುಗಾದಿಗೆ ಬೇವುಬೆಲ್ಲ, ಗೌರಿಹಬ್ಬಕ್ಕೆ ಹೊಸ ಬಟ್ಟೆ, ದೀಪಾವಳಿಗೆ ಎಣ್ಣೆಸ್ನಾನ, ನಡುವೆ ಒಂದು ಮದುವೆ, ಒಂದು ಜಾತ್ರೆ. ತಮ್ಮನಿಗೆ ತಿಂಗಳುಗಳ ಹೆಸರು ಬಾರದು. ಹಬ್ಬಗಳ ಸಾಲು ಗೊತ್ತು. ಅದನ್ನು ಕಿತ್ತುಕೊಂಡರೆ ಅವನಿಗೆ ಕಾಲವೇ ಇಲ್ಲ.

ಮಾನದಂಡ ಬರೆದಿಟ್ಟು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬಂದು ಟಿಕ್ ಹಾಕಿದರೆ ಸಾಕೆ? ಸಾಲದು. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ವಿಂಟರ್‌ಬೋರ್ನ್ ವ್ಯೂ ಎಂಬ 24 ಹಾಸಿಗೆಯ ಖಾಸಗಿ ಆಸ್ಪತ್ರೆ ಇತ್ತು. ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಖರ್ಚು. ಪರವಾನಗಿ ಇತ್ತು, ತಪಾಸಣೆಯೂ ಆಗಿತ್ತು. ಅಲ್ಲಿನ ಹಿರಿಯ ನರ್ಸ್ ಟೆರಿ ಬ್ರಯಾನ್ ಮೇಲಿನವರಿಗೆ ದೂರು ಬರೆದರು, ನಿಯಂತ್ರಣ ಮಂಡಳಿಗೂ ತಿಳಿಸಿದರು; ಯಾರೂ ಕಿವಿಗೊಡಲಿಲ್ಲ. 2011ರ ಮೇ ತಿಂಗಳಲ್ಲಿ ಬಿಬಿಸಿಯವರು ಗುಪ್ತ ಕ್ಯಾಮೆರಾದಲ್ಲಿ ಹಿಡಿದ ದೃಶ್ಯಗಳನ್ನು ತೋರಿಸಿದಾಗ ದೇಶವೇ ಬೆಚ್ಚಿತು: ಒದೆಯುವುದು, ಕೂದಲು ಹಿಡಿದು ಎಳೆಯುವುದು, ಬಟ್ಟೆ ಸಮೇತ ತಣ್ಣೀರಿನ ಷವರ್ ಕೆಳಗೆ ಕೂರಿಸುವುದು. ಹನ್ನೊಂದು ಸಿಬ್ಬಂದಿಗೆ ಶಿಕ್ಷೆಯಾಯಿತು, ಆರು ಮಂದಿ ಜೈಲಿಗೆ ಹೋದರು. ಫೈಲು ಸರಿಯಿದ್ದ ಮಾತ್ರಕ್ಕೆ ಒಳಗಿನವರ ಬದುಕು ಸರಿಯಿದೆ ಎಂದು ನಂಬಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ಅಲ್ಲಿ ಇರುವವರನ್ನೇ. ಅಮೆರಿಕದ ಕೌನ್ಸಿಲ್ ಆನ್ ಕ್ವಾಲಿಟಿ ಅಂಡ್ ಲೀಡರ್‌ಶಿಪ್ ಎಂಬ ಸಂಸ್ಥೆ 1993ರಲ್ಲಿ ತನ್ನ ಅಳತೆಗೋಲನ್ನೇ ತಿರುಗಿಸಿಬಿಟ್ಟಿತು. ಸಂಸ್ಥೆ ಏನು ಮಾಡುತ್ತದೆ ಎಂದು ನೋಡುವುದು ಬಿಟ್ಟು, ಆ ವ್ಯಕ್ತಿಗೆ ಏನು ದಕ್ಕಿದೆ ಎಂದು ಕೇಳತೊಡಗಿತು. ನಿಮ್ಮ ಜೊತೆ ಯಾರಿರಬೇಕು ಎಂದು ನೀವೇ ಆರಿಸಿದಿರಾ? ನಿಮಗೆ ಸ್ನೇಹಿತರಿದ್ದಾರೆಯೆ? ನಿಮ್ಮನ್ನು ಮರ್ಯಾದೆಯಿಂದ ನೋಡುತ್ತಾರೆಯೆ? ಮಾತು ಬಾರದವರಾದರೆ ಅವರನ್ನು ಚೆನ್ನಾಗಿ ಬಲ್ಲವರನ್ನು ಕೇಳುತ್ತಾರೆ, ಅವರ ದಿನವನ್ನು ಪಕ್ಕದಲ್ಲಿ ಕೂತು ನೋಡುತ್ತಾರೆ.

ನಮ್ಮಲ್ಲೂ ಕಾನೂನು ಇದೆ, ಒಳ್ಳೆಯ ಕಾನೂನೇ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ನೋಂದಣಿ ಪತ್ರವಿಲ್ಲದೆ ಯಾರೂ ಇಂಥ ಸಂಸ್ಥೆ ನಡೆಸುವಂತಿಲ್ಲ ಎನ್ನುತ್ತದೆ ಅದರ 50ನೇ ಕಲಂ. ರಾಜ್ಯ ಸರ್ಕಾರ ಗೊತ್ತುಮಾಡಿದ ಸೌಲಭ್ಯ ಮತ್ತು ಮಾನದಂಡ ಇಲ್ಲದಿದ್ದರೆ ಆ ಪತ್ರ ಕೊಡಬಾರದು ಎನ್ನುತ್ತದೆ 51. ಅದನ್ನು ಹಿಂತೆಗೆದುಕೊಳ್ಳಲು 52. ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ದೊಡ್ಡದು 5ನೇ ಕಲಂ: ಊರಿನ ನಡುವೆ, ಎಲ್ಲರೊಂದಿಗೆ ಬಾಳುವುದು ಅವರ ಹಕ್ಕು, ಇಂಥಲ್ಲೇ ಇರಬೇಕು ಎಂದು ಅವರನ್ನು ಬಲವಂತ ಮಾಡುವಂತಿಲ್ಲ. ದೌರ್ಜನ್ಯ ಎಸಗಿದವರಿಗೆ 92ನೇ ಕಲಂ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಅದಕ್ಕೂ ಮೊದಲಿನದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗಾಗಿಯೇ ಮಾಡಿದ್ದು. ಹದಿನೆಂಟು ತುಂಬಿದ ಮೇಲೂ ತಾವೇ ಪೋಷಕರು ಎಂದು ಎಷ್ಟೋ ತಂದೆತಾಯಿಗಳು ನಂಬಿರುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅದು ತಾನಾಗಿ ಮುಂದುವರಿಯುವುದಿಲ್ಲ. ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ನನ್ನನ್ನು ಪೋಷಕಿ ಎಂದು ನೇಮಿಸಿದಾಗ ಕೊಟ್ಟ ಷರತ್ತು ಕೇಳಿ ನನಗೆ ಸಮಾಧಾನವಾಯಿತು. ಆರು ತಿಂಗಳೊಳಗೆ ಅವನ ಹೆಸರಿನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಸ್ವಂತ ಅಕ್ಕನೇ ಆದರೂ ಲೆಕ್ಕ ಕೊಡಲೇಬೇಕು. ಇದೇ ಟ್ರಸ್ಟಿನ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಸಿಗುತ್ತದೆ, ವಯಸ್ಸಿನ ಮಿತಿಯಿಲ್ಲ.

ಇನ್ನು ಕಲಿಸುವವರ ವಿಷಯ. ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟುಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. 1992ರ ಕಾಯ್ದೆ ಹಾಗೆನ್ನುತ್ತದೆ. ಅವರಿಗೊಂದು ಸಿಆರ್‌ಆರ್ ನಂಬರ್ ಇರುತ್ತದೆ. ಸಂಕೋಚಪಡದೆ ಕೇಳಿ. ನಿಜವಾಗಿ ಕಲಿತವರು ಹೆಮ್ಮೆಯಿಂದಲೇ ತೋರಿಸುತ್ತಾರೆ.

ನಾವು ಕೊನೆಗೆ ಆರಿಸಿಕೊಂಡದ್ದು ಹೋಮ್ ಅಲ್ಲ, ಹಗಲು ಮಾತ್ರ ನಡೆಯುವ ಒಂದು ಚಿಕ್ಕ ಕೇಂದ್ರ. ಬಾಡಿಗೆಯ ಹಳೇ ಹೆಂಚಿನ ಮನೆ, ಗೋಡೆಗೆ ಸುಣ್ಣ ಹೊಡೆದು ಎಷ್ಟೋ ವರ್ಷವಾದಂತಿತ್ತು. ಬಾಗಿಲಲ್ಲಿ ನಿಂತಿದ್ದ ನಮ್ಮನ್ನು ಕಂಡು ಟೀಚರಮ್ಮ ಎದ್ದು ಬಂದರು. ನನ್ನನ್ನಲ್ಲ, ನೇರವಾಗಿ ತಮ್ಮನ ಮುಖ ನೋಡಿ, “ಬನ್ನಿ ಸರ್, ಕೂತ್ಕೊಳ್ಳಿ. ನಿಮ್ಮ ಹೆಸರೇನು?” ಎಂದರು. ತಮ್ಮ ಹಿಂದಕ್ಕೆ ತಿರುಗಿ ನೋಡಿದ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡಿದ್ದ. ಅವರು ಮತ್ತೆ ಕೇಳಿದರು. ಆಮೇಲೆ, “ನಿಮಗೆ ಕಾಫಿನಾ, ಹಾಲಾ?” ಅವನ ಪರವಾಗಿ ನಾನೇ “ಹಾಲು ಕೊಡಿ” ಎಂದೆ. ನಲವತ್ತು ವರ್ಷದಿಂದ ಅವನಿಗೆ ಹಾಲೇ ಕೊಟ್ಟಿದ್ದೆವು. ಟೀಚರಮ್ಮ ನನ್ನ ಮಾತು ಕೇಳಿಸದವರಂತೆ ಅವನನ್ನೇ ನೋಡುತ್ತ ಕಾದರು. ಎಷ್ಟು ಹೊತ್ತು ಕಾದರೋ, ನನಗೇ ಚಡಪಡಿಕೆಯಾಯಿತು. ತಮ್ಮ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸಿ, “ಕಾಪಿ” ಎಂದ.

ಅವನಿಗೆ ಕಾಫಿ ಬೇಕು ಎಂದು ನನಗೆ ಅಂದು ಗೊತ್ತಾಯಿತು. ಹೋಮಿನ ಬಚ್ಚಲಿಗೆ ಚಿಲಕವಿಲ್ಲ ಎಂದು ಸಿಟ್ಟುಮಾಡಿಕೊಂಡು ಬಂದಿದ್ದ ನಾನು ಅವನ ಬಾಯಿಗೆ ಎಷ್ಟು ವರ್ಷ ಚಿಲಕ ಹಾಕಿದ್ದೆ ಎಂದು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಕೇಂದ್ರದಲ್ಲಿ ಮೊದಲ ತಿಂಗಳು ಪೂರ್ತಿ ಅವನನ್ನು ನೋಡಿದರು, ಅಷ್ಟೆ. ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಂ ಎಂಬ ಪಟ್ಟಿ ನಮ್ಮ ದಕ್ಷಿಣದಲ್ಲೇ ಹುಟ್ಟಿದ್ದು: 18 ವಿಭಾಗ, 360 ಅಂಶ. ಊಟ, ಬಟ್ಟೆ, ಹಣ, ಸಮಯ, ಮಾತು, ಹೀಗೆ ಪ್ರತಿಯೊಂದರಲ್ಲೂ ಅವನು ಏನನ್ನು ತಾನೇ ಮಾಡುತ್ತಾನೆ, ಏನನ್ನು ಇನ್ನೂ ಕಲಿಯಬೇಕು ಎಂದು ಗುರುತು ಹಾಕುತ್ತಾರೆ. ಅದರ ಮೇಲೆ ಅವನೊಬ್ಬನಿಗಾಗಿ ಒಂದು ಯೋಜನೆ. ಅವರ ಭಾಷೆಯಲ್ಲಿ ಐಇಪಿ. ‘ಸ್ವಾವಲಂಬನೆ ಬೆಳೆಸುವುದು’ ಎಂಬಂಥ ದೊಡ್ಡ ಮಾತು ಅದರಲ್ಲಿ ಇರಲಿಲ್ಲ. ತಮ್ಮನದರಲ್ಲಿ ಬರೆದದ್ದು: ಕೇಂದ್ರದ ಎದುರಿನ ಬೂತಿನಿಂದ ಅರ್ಧ ಲೀಟರ್ ನಂದಿನಿ ಹಾಲು ತರುವುದು.

ಆ ಒಂದು ಕೆಲಸವನ್ನು ಎಂಟು ತುಂಡು ಮಾಡಿದ್ದರು. ಚೀಲ ತೆಗೆದುಕೊಳ್ಳುವುದು. ಐವತ್ತರ ನೋಟನ್ನು ಜೇಬಿಗೆ ಹಾಕುವುದು. ಗೇಟಿನ ಹತ್ತಿರ ನಿಂತು ಎಡಕ್ಕೆ, ಬಲಕ್ಕೆ ನೋಡುವುದು. ದಾಟುವುದು. ಸಾಲಿನಲ್ಲಿ ನಿಲ್ಲುವುದು. ಬಾಯಿಬಿಟ್ಟು ಕೇಳುವುದು. ಚಿಲ್ಲರೆಗೆ ಕಾಯುವುದು. ವಾಪಸ್ ಬರುವುದು. ಮೊದಲಿಗೆ ಟೀಚರಮ್ಮ ಕೈ ಹಿಡಿದು ಜೊತೆಗೆ ಹೋದರು, ಆಮೇಲೆ ಎರಡು ಹೆಜ್ಜೆ ಹಿಂದೆ, ಆಮೇಲೆ ಗೇಟಿನಲ್ಲಿ ನಿಂತು ನೋಡಿದರು. ಚಿಲ್ಲರೆಗೆ ಕಾಯುವುದು ಮಾತ್ರ ಅವನಿಗೆ ಬರಲೇ ಇಲ್ಲ. ಹಾಲು ಸಿಕ್ಕ ಕೂಡಲೆ ಓಡಿ ಬರುತ್ತಿದ್ದ. ಅದೊಂದಕ್ಕೇ ಎರಡು ತಿಂಗಳು ಹಿಡಿಯಿತು. ಬೂತಿನವರಿಗೂ ಹೇಳಿಕೊಟ್ಟಿದ್ದರು, “ಅವರೇ ಕೈ ಚಾಚೋವರೆಗೆ ಕೊಡಬೇಡಿ” ಎಂದು. ಐದನೇ ತಿಂಗಳು ಒಬ್ಬನೇ ಹೋಗಿ, ಹಾಲನ್ನೂ ಚಿಲ್ಲರೆಯನ್ನೂ ಮೇಜಿನ ಮೇಲೆ ಇಟ್ಟ. ಬೂತಿನವರು ಈಗ ಅವನನ್ನು ‘ಬನ್ನಿ ಸರ್’ ಎನ್ನುತ್ತಾರೆ.

ಆರೋಗ್ಯದ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಅಮ್ಮ ಹೋದ ವರ್ಷ ತಮ್ಮ ಮಂಕಾಗಿದ್ದ, ದಪ್ಪಗಾಗಿದ್ದ, ಕೂತಲ್ಲೇ ತೂಕಡಿಸುತ್ತಿದ್ದ. ತೋರಿಸಿದ ಕಡೆಯೆಲ್ಲ ‘ಇಂಥವರು ಹಾಗೇ’ ಎಂದು ಕಳಿಸಿದರು. ಟೀಚರಮ್ಮನ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್. ಡೌನ್ ಸಿಂಡ್ರೋಮ್ ಇರುವವರಲ್ಲಿ ಇದು ಬಹಳ ಸಾಮಾನ್ಯ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಕಿವಿ, ಕಣ್ಣು ನೋಡಿಸಬೇಕು. ನಲವತ್ತರ ನಂತರ ಮರೆವಿನ ಕಾಯಿಲೆಯ ಅಪಾಯವೂ ಉಳಿದವರಿಗಿಂತ ಹೆಚ್ಚು. ಇವರಲ್ಲಿ ಎಷ್ಟೋ ಜನರಿಗೆ ನೋವಾದರೆ ಹೇಳಲು ಬರುವುದಿಲ್ಲ. ಅದು ನಡವಳಿಕೆಯಲ್ಲಿ ಹೊರಬರುತ್ತದೆ. ಸಿಟ್ಟು, ಹಟ, ಮಂಕು ಕಂಡಾಗ ಮೊದಲು ಮೈ ನೋಡಿಸಿ, ಆಮೇಲೆ ಬುದ್ಧಿ ಹೇಳುವುದು. ಒಳ್ಳೆಯ ಕೇಂದ್ರ ಯಾವುದು, ಬರಿಯ ಕೊಟ್ಟಿಗೆ ಯಾವುದು ಎಂದು ಈ ಒಂದರಲ್ಲೇ ತಿಳಿಯುತ್ತದೆ.

ಆ ಮೊದಲ ಹೋಮಿನ ಆಯಾಳನ್ನೂ ನಾನು ಮರೆತಿಲ್ಲ. ರಾತ್ರಿ ಮೂವತ್ತು ಜನರನ್ನು ಒಬ್ಬಳೇ ನೋಡಿಕೊಳ್ಳುವವಳು ಚಿಲಕ ಕಿತ್ತದ್ದರಲ್ಲಿ ಆಶ್ಚರ್ಯವೇನು? ಅವಳಿಗೆ ತರಬೇತಿಯಿಲ್ಲ, ವಾರದ ರಜೆಯಿಲ್ಲ. ಸಂಬಳ ಹೇಳುವಾಗ ಅವಳ ದನಿ ತಗ್ಗಿತ್ತು. ನೋಡಿಕೊಳ್ಳುವವರಿಗೆ ಮರ್ಯಾದೆ ಕೊಡದ ಸಂಸ್ಥೆಯಲ್ಲಿ ಇರುವವರಿಗೆ ಮರ್ಯಾದೆ ಸಿಗುವುದಿಲ್ಲ. ಸರ್ಕಾರ ಬರೆಯುವ ಮಾನದಂಡದಲ್ಲಿ ಆಯಾಳ ಸಂಬಳ, ಆಯಾಳ ನಿದ್ದೆ ಬರಬೇಕು ಎಂದು ನಾನು ಹೇಳುತ್ತಲೇ ಇರುತ್ತೇನೆ.

ನನ್ನ ಕಾಲದ ನಂತರ ತಮ್ಮನಿಗೆ ರಾತ್ರಿಯ ಮನೆ ಬೇಕೇ ಬೇಕು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರು ಸುಮಾರು 15 ಲಕ್ಷ. ಅವರ ಪೈಕಿ ಎಷ್ಟು ಮನೆಗಳಲ್ಲಿ ಅಮ್ಮಂದಿರಿಗೆ ವಯಸ್ಸಾಗುತ್ತಿದೆಯೋ. ನಾವು ಏಳು ಕುಟುಂಬ ಈಗ ತಿಂಗಳಿಗೊಮ್ಮೆ ಸೇರುತ್ತೇವೆ. ಆರು ಜನ ಇರಬಹುದಾದ ಒಂದು ಮನೆ, ಊರಿನ ನಡುವೆ, ಹಾಲಿನ ಬೂತಿಗೆ ನಡೆದು ಹೋಗುವಷ್ಟು ಹತ್ತಿರ ಬಾಡಿಗೆಗೆ ಸಿಗುವುದೇ ಎಂದು ಹುಡುಕುತ್ತಿದ್ದೇವೆ. ಮೂರು ಕಡೆ ಮಾತು ಮುರಿದುಬಿತ್ತು. ಇಂಥವರಿದ್ದರೆ ಅಕ್ಕಪಕ್ಕದವರು ಒಪ್ಪುವುದಿಲ್ಲ ಎಂದರು. ಹುಡುಕುವುದನ್ನು ಬಿಟ್ಟಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲೂ ಇಂಥ ಹೋಮ್ ಇರುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ ಒಂದು ಹೊತ್ತಿನ ಊಟ ಹಾಕಿಸುವವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ, ಅದು ದೊಡ್ಡ ಮನಸ್ಸು. ಆದರೆ ಅವರನ್ನು ಸಾಲಾಗಿ ನಿಲ್ಲಿಸಿ, ಕೈಮುಗಿಸಿ ಫೋಟೊ ತೆಗೆಸಬೇಡಿ. ಬಡಿಸಿ ಹೊರಟುಬಿಡದೆ ಅವರ ಪಕ್ಕದಲ್ಲಿ ಕೂತು ಊಟ ಮಾಡಿ. ವಯಸ್ಸಾದವರನ್ನು ‘ನೀವು’ ಎಂದು ಮಾತಾಡಿಸಿ, ಉತ್ತರ ಬರುವವರೆಗೆ ಕಾಯಿರಿ. ಹೊರಡುವ ಮೊದಲು ಕೈ ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋಗಿ ಬಾಗಿಲು ನೋಡಿ. ಚಿಲಕವಿಲ್ಲದಿದ್ದರೆ, ಮುಂದಿನ ಸಲ ಊಟದ ಬದಲು ಚಿಲಕ ತಂದುಕೊಡಿ, ಹಾಕಿಸಿಯೇ ಬನ್ನಿ.